ಸುಶೀಲಕ್ಕ ಸಾಯದ ಸಿನಿಮಾಗಳು

ಆಗಿನ್ನೂ ಸಿನಿಮಾವನ್ನು ಕೈಯಲ್ಲಿ ಹಿಡಿಯಬಹುದಿತ್ತು. ಎಲ್ಲರ ಮನೆಯ ಟೀವಿಯ ಕೆಳಗೂ ಧೂಳು ಹಿಡಿದ ಒಂದು ಡಿವಿಡಿ ಪ್ಲೇಯರ್ ಕೂತಿರುತ್ತಿತ್ತು. ಗುಂಡಿ ಒತ್ತಿದರೆ ಅದು ನಾಲಿಗೆ ಚಾಚುತ್ತಿತ್ತು. ಬಿಲ್ಲೆಯನ್ನು ಅಂಚಿನಲ್ಲಷ್ಟೇ ಹಿಡಿದು ಅದರ ಮೇಲೆ ಇಡಬೇಕು, ನಡುವೆ ಬೆರಳು ತಾಗಿದರೆ ಬೈಗುಳ ಗ್ಯಾರಂಟಿ. ಗೀರು ಬಿದ್ದ ಜಾಗ ಬಂದಾಗ ನಾಯಕ ಬಾಯಿ ತೆರೆದವನು ತೆರೆದ ಹಾಗೇ ನಿಂತುಬಿಡುತ್ತಿದ್ದ. ಈಗಿನ ಮಕ್ಕಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು. ನನ್ನ ವಾರಿಗೆಯವರಿಗೆ ಬೇಡ, ಅಂಗಿಯ ತುದಿಯಿಂದ ಬಿಲ್ಲೆ ಒರೆಸಿದ ನೆನಪು ನಿಮ್ಮ ಬೆರಳಿಗೂ ಇರುತ್ತದೆ.

ನಾವಿದ್ದದ್ದು ಇಂಗ್ಲಿಷರ ನಾಡಿನ ಕೊವೆಂಟ್ರಿಯ ಒಂದು ಸಾಲುಮನೆಯಲ್ಲಿ. ಅಪ್ಪ ಕಾರು ಕಂಪನಿಯಲ್ಲಿ ಎಂಜಿನಿಯರ್, ಮೈಸೂರಿನವನು. ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್, ಧಾರವಾಡದವಳು. ನಾನು ಅಲ್ಲೇ ಹುಟ್ಟಿದವಳು. ಕನ್ನಡ ಅಷ್ಟೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಹೊರಬೀಳುತ್ತಿತ್ತು. ಅಪ್ಪ "ಪುಟ್ಟಿ, ಊಟಕ್ಕೆ ಬಾ" ಅಂದರೆ ನಾನು "ಇನ್ ಎ ಮಿನಿಟ್" ಅನ್ನುವವಳು. ಕನ್ನಡ ನನಗೆ ಕಿವಿಯಲ್ಲಿತ್ತು, ಬಾಯಿಗೆ ಇಳಿದಿರಲಿಲ್ಲ. ಯಾರೂ ಅದಕ್ಕಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮಂಥವರ ಮನೆಗಳಲ್ಲಿ ಮಕ್ಕಳು ಹಾಗೇ ಇರುತ್ತಿದ್ದರು.

ಅಮ್ಮನ ಕನ್ನಡ ಬೇರೆಯದೇ ಕಥೆ. ಮದುವೆಯಾಗಿ ಅಪ್ಪನ ಜೊತೆ, ಆಮೇಲೆ ಕನ್ನಡದವರು ಸೇರಿದಲ್ಲೆಲ್ಲ ಮಂಗಳೂರಿನವರು, ಹಾಸನದವರು, ಬೆಂಗಳೂರಿನವರ ಜೊತೆ ಮಾತಾಡಿ ಮಾತಾಡಿ ಅವಳ ಧಾರವಾಡದ ಮಾತು ಮೂಲೆ ಸೇರಿತ್ತು. ನಾಲ್ಕು ಕಡೆಯವರು ಕೂತಾಗ ಎಲ್ಲರಿಗೂ ಒಪ್ಪುವ ಒಂದು ಬೆಂಗಳೂರು ಕನ್ನಡ ಇರುತ್ತದಲ್ಲ, ಮನೆಯಲ್ಲೂ ಅದನ್ನೇ ಆಡುತ್ತಿದ್ದಳು. "ಬೇಗ ಶೂ ಹಾಕ್ಕೋ ಪುಟ್ಟಿ, ಲೇಟ್ ಆಗ್ತಿದೆ" ಎನ್ನುವವಳು ದಿನನಿತ್ಯದ ಅಮ್ಮ. ಧಾರವಾಡದ ಅಮ್ಮ ಹೊರಗೆ ಬರುತ್ತಿದ್ದದ್ದು ಶುಕ್ರವಾರ ಸಂಜೆ, ಟೀವಿಯ ಸುಶೀಲಕ್ಕನ ನೆಪದಲ್ಲಿ ಮಾತ್ರ.

ಸುಶೀಲಕ್ಕ ಅಂದರೆ ಅಮೆರಿಕದ ಒಬ್ಬ ಸಿನಿಮಾ ನಟಿ, ಕಪ್ಪು ಬಿಳುಪಿನ ಕಾಲದವಳು. ಅವಳಿಗೆ ಹೆತ್ತವರು ಇಟ್ಟ ಹೆಸರು ಒಂದು, ಸ್ಟುಡಿಯೋದವರು ಅಂಟಿಸಿದ್ದು ಇನ್ನೊಂದು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತಿರಲಿಲ್ಲ. ಧಾರವಾಡದಲ್ಲಿ ಅಮ್ಮನ ಓಣಿಯಲ್ಲಿ ಸುಶೀಲಕ್ಕ ಅಂತ ಒಬ್ಬರಿದ್ದರಂತೆ. ಅದೇ ಗದ್ದ, ಅದೇ ಬಿಗಿದ ತುಟಿ, ಹಾಲಿನವನ ಹತ್ತಿರ ಜಗಳಕ್ಕೆ ನಿಂತರೆ ಅದೇ ಹುಬ್ಬು. ಅಲ್ಲಿಗೆ ಹೆಸರು ನಿಕ್ಕಿಯಾಯಿತು. ಅಮ್ಮನ ಅಪ್ಪ ಅಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಊರಿನ ನಾಲ್ಕಾರು ಜನರನ್ನು ಕಟ್ಟಿಕೊಂಡು ಹಳೆಯ ಇಂಗ್ಲಿಷ್ ಸಿನಿಮಾ ತರಿಸುತ್ತಿದ್ದರಂತೆ. ಪ್ರೊಜೆಕ್ಟರಿನಿಂದ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಹಾಗಾಗಿ ಅಜ್ಜ ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ಕನ್ನಡದಲ್ಲಿ ತಾವೇ ಆಡುತ್ತಿದ್ದರು. ಹೀಗೆ ಅಮ್ಮನಿಗೆ ಆ ಸುಂದರಿ ಮೊದಲು ಕೇಳಿಸಿದ್ದೇ ಮೀಸೆ ಹೊತ್ತ ಗಂಡಸಿನ ದನಿಯಲ್ಲಿ.

ಒಂದು ಶನಿವಾರ, ದಾನಕ್ಕೆ ಬಂದ ಹಳೆಯ ಸಾಮಾನು ಮಾರುವ ಚಾರಿಟಿ ಶಾಪಿನಲ್ಲಿ, ಹಳೆಯ ಜಿಗ್ಸಾಗಳ ಪಕ್ಕದಲ್ಲಿ, ಆ ನಟಿಯ ಸಿನಿಮಾಗಳ ಒಂದು ಡಬ್ಬ ಅಮ್ಮನ ಕಣ್ಣಿಗೆ ಬಿತ್ತು. ಅಂಗಡಿಯ ನಡುವೆ ನಿಂತು "ಅಯ್ಯ, ಸುಶೀಲಕ್ಕ!" ಎಂದು ಕೂಗಿದಳು. ನನಗೆ ನಾಚಿಕೆಯಾಗಿ ಕೋಟುಗಳ ಸಾಲಿನ ಹಿಂದೆ ಸರಿದುಕೊಂಡೆ.

ಅಂದಿನಿಂದ ಆಸ್ಪತ್ರೆಯ ಪಾಳಿಯಲ್ಲಿ ಅಮ್ಮನಿಗೆ ಬಿಡುವಿದ್ದ ಶುಕ್ರವಾರಗಳೆಲ್ಲ ಸುಶೀಲಕ್ಕನವು. ಅಮ್ಮ ಗಿರ್ಮಿಟ್ ಕಲೆಸುತ್ತಿದ್ದಳು. ಚುರಮುರಿಗೆ ಈರುಳ್ಳಿ, ಹುಣಸೆಹುಳಿಯ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಹಸಿಮೆಣಸಿನಕಾಯಿ. ಆ ಘಾಟಿಗೆ ಮುಂದಿನ ಕೋಣೆಯ ಕಾರ್ಪೆಟ್ ಕೂಡ ಸೀನುವಂತಿರುತ್ತಿತ್ತು. ಚಳಿಗೆ ಗ್ಯಾಸ್ ಫೈರ್ ಹೊತ್ತಿಸಿ, ಕಿಟಕಿಯ ಪರದೆ ಎಳೆದು, ಬಿಲ್ಲೆ ಹಾಕಿ, ಕೊನೆಗೆ ರಿಮೋಟಿನಿಂದ ಟೀವಿಯ ಬಾಯಿ ಮುಚ್ಚಿಸುವುದು. ಆಮೇಲೆ ಸುಶೀಲಕ್ಕ ಅಮ್ಮನ ಬಾಯಿಂದ ಮಾತಾಡಲು ಶುರುಮಾಡುತ್ತಿದ್ದಳು. ತುಪ್ಪಳದ ಕೋಟು ತೊಟ್ಟು ಷಾಂಪೇನ್ ಲೋಟ ಹಿಡಿದು ಒಬ್ಬ ಕಳ್ಳಸಾಗಣೆದಾರನ ಮುಂದೆ ನಿಂತವಳು, "ಏನ್ರೀ, ಇಷ್ಟ ತಡಾ ಮಾಡಿ ಬಂದ್ರಿ, ರೊಟ್ಟಿ ಆರಿ ಕಟಕ ಆಗ್ಯಾವ" ಎನ್ನುತ್ತಿದ್ದಳು. ಆತ ಪಿಸ್ತೂಲು ತೆಗೆದರೆ, "ಮೊದ್ಲ ಕೈ ತೊಳಕೊಂಡ್ ಬರ್ರಿ" ಎಂದು ಗದರುತ್ತಿದ್ದಳು. ನಾನು ನೆಲದ ಮೇಲೆ ಹೊರಳಾಡಿ ನಗುತ್ತಿದ್ದೆ.

ಸಿನಿಮಾದಲ್ಲಿ ಮಕ್ಕಳ ಪಾತ್ರ ಬಂದರೆ ಅದರ ಮಾತು ನನ್ನ ಪಾಲಿಗೆ. ನಾನು ಇಂಗ್ಲಿಷಿನಲ್ಲಿ ಶುರುಮಾಡಿದರೆ ಅಮ್ಮ ತಡೆಯುತ್ತಿದ್ದಳು. "ಇಂಗ್ಲಿಷ್ ಆದ್ರ ಆ ಕೂಸಿಗೇ ಬರ್ತದಲ್ಲ, ನೀ ಯಾಕ ಬೇಕು?" ಎನ್ನುತ್ತಿದ್ದಳು. ನಾನು ಮುಖ ಉಬ್ಬಿಸಿಕೊಂಡು ಸುಮ್ಮನಾದರೆ ಕೂಸಿನ ಮಾತನ್ನೂ ಅವಳೇ ಸಣ್ಣ ದನಿಯಲ್ಲಿ ಆಡಿ ಮುಗಿಸುತ್ತಿದ್ದಳು.

ನಟಿಯ ಜೀವನಚರಿತ್ರೆ ನನಗೆ ಸಿಕ್ಕಿದ್ದು ಅದೇ ಶುಕ್ರವಾರಗಳಲ್ಲಿ, ಗಿರ್ಮಿಟ್ ಕಲೆಸುವ ಅಡುಗೆಮನೆಯಲ್ಲಿ, ಕಂತು ಕಂತಾಗಿ, ಅದೂ ಧಾರವಾಡದ ಮಾತಿನಲ್ಲೇ. "ಆಕೀ ಅಪ್ಪ ರೈಲಿಗೆ ಕಲ್ಲಿದ್ದಲಾ ತುಂಬಾಂವ, ಅವ್ವ ಮಂದಿ ಮನಿ ಅರಿವಿ ಒಗ್ಯಾಕಿ. ಈಕೀ ಸ್ಟೇಶನ್ ಹೋಟೆಲಿನ್ಯಾಗ ಕಾಫಿ ಕೊಡಾಕಿ. ಒಂದಿನ ಯಾವನೋ ರೈಲಿನಿಂದ ಇಳದಾಂವ ಕಾಫಿ ಕುಡದು, ನಿನ್ನ ಮಾರಿ ಸಿನಿಮಾಕ್ಕ ಭಾಳ ಚಂದ ಕಾಣ್ತದ ಅಂದ. ಏಪ್ರನ್ ಬಿಚ್ಚಿಟ್ಟು ಅದ ರೈಲು ಹತ್ತಿದ್ಲು ನೋಡು." ಹಾಲಿವುಡ್ಡಿನಲ್ಲಿ ಸ್ಟುಡಿಯೋದವರು ಅವಳ ಹುಬ್ಬು ಬೋಳಿಸಿ ಬೇರೆ ಹುಬ್ಬು ಬರೆದರು. ಕೆನ್ನೆ ಒಳಗೆ ಹೋಗಲೆಂದು ದವಡೆ ಹಲ್ಲು ಕೀಳಿಸಿದರು. ಹೆಸರು ಬದಲಾಯಿಸಿದರು. ಅಷ್ಟೂ ಸಾಲದೆಂದು ಒಬ್ಬ ಮೇಡಮ್ಮನ್ನು ನೇಮಿಸಿ, ದಿನಾ ಬೆಳಿಗ್ಗೆ ಪಾಠ ಮಾಡಿಸಿ, ಅವಳ ಊರಿನ ಮಾತನ್ನು ಬಾಯಿಂದ ಪೂರಾ ತೆಗೆಸಿಹಾಕಿದರು. ರಜೆಗೆ ಊರಿಗೆ ಹೋದರೆ ಹೆತ್ತ ತಾಯಿಗೆ ಅವಳ ಮಾತು ತಿಳಿಯಲಿಲ್ಲವಂತೆ.

"ಸಿನಿಮಾದಾಗ ಇರೋದು ಆಕೀ ದನಿನ ಅಲ್ಲ. ಅದನ್ನ ಕೇಳೋದು ಯಾಕ?" ಎಂದಳು ಅಮ್ಮ. ನಮ್ಮ ಮನೆಯಲ್ಲಿ ಟೀವಿಯ ಬಾಯಿ ಮುಚ್ಚಿರುತ್ತಿದ್ದದ್ದಕ್ಕೆ ಕಾರಣ ಅದು.

ಆಮೇಲಿನ ಕಂತುಗಳಲ್ಲಿ ಸುಶೀಲಕ್ಕ ರಾಣಿಯಾದಳು, ನರ್ಸ್ ಆದಳು, ಕೊಲೆಗಾರ್ತಿಯಾದಳು. ಥಿಯೇಟರಿನ ಮುಂದೆ ಜನ ಸಾಲುಗಟ್ಟಿದರು. ಮದುವೆಯಾದಳು, ಬಿಟ್ಟಳು, ಮತ್ತೆ ಆದಳು. ಒಂದು ಹೆಣ್ಣು ಕೂಸಾಯಿತು. ನಾಯಕಿ ತಾಯಿಯಾಗಿರುವುದು ಗಿರಾಕಿಗಳಿಗೆ ಹಿಡಿಸುವುದಿಲ್ಲ ಎಂದು ಸ್ಟುಡಿಯೋದವರು ಹೆದರಿಸಿದ್ದರಿಂದ ಆ ಕೂಸನ್ನು ತಂಗಿಯ ಮನೆಯಲ್ಲಿ ಬಿಟ್ಟಳು. ನಲವತ್ತು ದಾಟಿದ ಮೇಲೆ ಅದೇ ಸ್ಟುಡಿಯೋ ಬಾಗಿಲು ಹಾಕಿಕೊಂಡಿತು. ರೆಫ್ರಿಜರೇಟರ್ ಜಾಹೀರಾತಿನಲ್ಲಿ ನಕ್ಕಳು. ಮುಪ್ಪಿನಲ್ಲಿ ಒಂದೇ ಒಂದು ದೊಡ್ಡ ಪಾತ್ರ ಸಿಕ್ಕಿತು, ಅದರಲ್ಲಿ ಬಣ್ಣವಿಲ್ಲದ ಮುಖದಲ್ಲಿ ಬಂದು ನಿಂತಳು, ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಅಂಡ್ ದೆನ್?" ಎಂದು ನಾನು ಕೇಳುತ್ತಿದ್ದೆ.

"ಆಮ್ಯಾಲೇನು, ಸಮುದ್ರದ ದಂಡಿಗೆ ಮನಿ ಮಾಡ್ಯಾಳ, ಬೆಕ್ಕು ಸಾಕ್ಯಾಳ. ಆರಾಮದಾಳ."

ಆ ವರ್ಷ ಎಲೆ ಉದುರುವ ಕಾಲಕ್ಕೆ, ಶಾಲೆಯ ಅಂಗಳದಲ್ಲಿ ಕಾಂಕರ್ ಆಟ ಜೋರಾಗಿ ನಡೆದಿದ್ದಾಗ, ದಾರಕ್ಕೆ ಕಟ್ಟಿದ ಕಾಯಿಗಳನ್ನು ಕುಟ್ಟಿ ಕುಟ್ಟಿ ನಮ್ಮ ಗೆಣ್ಣುಗಳೆಲ್ಲ ಕೆಂಪಾಗಿದ್ದಾಗ, ಅಮ್ಮ ಡಾಕ್ಟರಾಗಿ ಹೋಗುತ್ತಿದ್ದ ಆಸ್ಪತ್ರೆಗೆ ರೋಗಿಯಾಗಿ ಹೋಗತೊಡಗಿದಳು. ನನಗೆ ಹೇಳಿದ್ದಿಷ್ಟು: ಹೊಟ್ಟೆಯಲ್ಲಿ ಏನೋ ತೊಂದರೆ, ಔಷಧಿ ಜೋರು, ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಅಪ್ಪ ಫೋನ್ ಬಂದರೆ ಹಿತ್ತಲಿಗೆ ಹೋಗಿ ಚಳಿಯಲ್ಲಿ ನಿಂತು ಮಾತಾಡುತ್ತಿದ್ದ. ನಾನು ಕೋಣೆಗೆ ಕಾಲಿಟ್ಟರೆ ಇಬ್ಬರೂ ಕಸದ ಬಿನ್‌ಗಳ ಬಗ್ಗೆ, ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಮಾತು ತೆಗೆಯುತ್ತಿದ್ದರು. ಅಮ್ಮ ಉಳಿಯುತ್ತಾಳೋ ಇಲ್ಲವೋ ಎನ್ನುವುದೊಂದೇ ನನಗೆ ಬೇಕಾಗಿದ್ದದ್ದು. ಅದನ್ನು ಬಿಟ್ಟು ಇನ್ನೆಲ್ಲವನ್ನೂ ಅವರು ನನಗೆ ಹೇಳುತ್ತಿದ್ದರು. ದಿನಾ ಯಾರದೋ ಮನೆಯವರನ್ನು ಎದುರು ಕೂರಿಸಿಕೊಂಡು ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುವುದು ಅಮ್ಮನ ಕೆಲಸವಾಗಿತ್ತು. ಮಗಳ ಮುಂದೆ ಮಾತ್ರ ಅವಳಿಗೆ ಬಾಯಿ ಬರಲಿಲ್ಲ.

ಈರುಳ್ಳಿಯ ವಾಸನೆ ಅವಳಿಗೆ ಸೇರದೆ ಗಿರ್ಮಿಟ್ ನಿಂತಿತು. ಒಣ ಟೋಸ್ಟ್, ಶುಂಠಿ ಬಿಸ್ಕತ್ತು. ಆದರೆ ಶುಕ್ರವಾರ ತಪ್ಪಲಿಲ್ಲ. ನಾಲ್ಕು ಗಂಟೆಗೆಲ್ಲ ಕಿಟಕಿಯ ಆಚೆ ಕತ್ತಲಾಗುವ ಕಾಲ. ತಲೆಗೆ ಹಸಿರು ಸ್ಕಾರ್ಫ್ ಸುತ್ತಿಕೊಂಡು ಅಮ್ಮ ಸೋಫಾದಲ್ಲಿ ಒರಗುತ್ತಿದ್ದಳು, ಟೀವಿಯ ಬೂದು ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ಅವಳ ಕೆನ್ನೆ ಒಳಗೆ ಹೋಗಿ, ಹುಬ್ಬು ಉದುರಿ, ಅವಳೂ ಸ್ಟುಡಿಯೋದಿಂದ ಬಂದವಳ ಹಾಗೆ ಕಾಣುತ್ತಿದ್ದಳು. ಎಷ್ಟೋ ಸಲ ನಾನು ಪರದೆಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದೆ. ನನಗೆ ಭಯವಾಗುತ್ತಿತ್ತು.

ಆ ಚಳಿಗಾಲದಲ್ಲಿ ನಾವು ಹೆಚ್ಚು ನೋಡಿದ್ದು ಒಂದು ಸಿನಿಮಾ. ಸುಶೀಲಕ್ಕ ಅದರಲ್ಲಿ ಬಟ್ಟೆ ಒಗೆದು ಮಗಳನ್ನು ಸಾಕುವ ಹೆಂಗಸು. ಕೊನೆಯಲ್ಲಿ ಅವಳು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿರುತ್ತಾಳೆ, ಉದ್ದನೆಯ ನೈಟಿ ತೊಟ್ಟ ಮಗಳು ಕಾಲಿನ ಬಳಿ ನಿಂತಿರುತ್ತಾಳೆ. ತಾಯಿ ಏನೋ ಹೇಳುತ್ತಾಳೆ, ಮಗಳು ಏನೋ ಹೇಳುತ್ತಾಳೆ, ತಾಯಿ ಗೋಡೆಯ ಕಡೆ ಹೊರಳುತ್ತಾಳೆ. ಮುಂದಿನ ದೃಶ್ಯದಲ್ಲಿ ಮಗಳು ಕಪ್ಪು ಕೋಟು ತೊಟ್ಟು ರೈಲಿನಲ್ಲಿ ಕೂತಿರುತ್ತಾಳೆ.

ಅಮ್ಮನ ಕನ್ನಡದಲ್ಲಿ ಅದು ಹೀಗಿತ್ತು. "ಸ್ವಲ್ಪ ಜ್ವರ ಬಂದಾವ ಕೂಸ. ನಿದ್ದಿ ಮಾಡ್ತೀನಿ. ನಾಳೆ ಸಂತಿಗೆ ಹೋಗೋಣು, ನಿನಗ ಬಳಿ ಕೊಡಸ್ತೀನಿ." ಕೂಸಿನ ಸಣ್ಣ ದನಿ: "ನನಗ ಹಸರ ಬಳಿ ಬೇಕು." ರೈಲು ಬಂದಾಗ, "ಸೂಟಿ ಬಿಟ್ಟದ, ಮಾವಶಿ ಮನಿಗೆ ಹೊಂಟಾಳ" ಎಂದು ಹೇಳಿ ಅಮ್ಮ ರಿಮೋಟ್ ಒತ್ತಿ "ಮುಗೀತು" ಎನ್ನುತ್ತಿದ್ದಳು. ಕಪ್ಪು ಕೋಟಿನ ಬಗ್ಗೆ ನಾನು ಕೇಳಿದ್ದುಂಟು. ಕಪ್ಪು ಬಿಳುಪು ಸಿನಿಮಾದಲ್ಲಿ ಎಲ್ಲ ಕೋಟೂ ಕಪ್ಪೇ ಎಂದಳು. ಅಮ್ಮನ ಸಿನಿಮಾಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಗುಂಡೇಟು ತಿಂದವರು ಎಡವಿ ಬೀಳುತ್ತಿದ್ದರು, ನದಿಗೆ ಹಾರಿದವರು ಈಜಿ ಆಚೆ ದಡ ಸೇರುತ್ತಿದ್ದರು.

ಜನವರಿಯ ಕೊನೆಗೆ ಅಮ್ಮನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಶಾಲೆ ಬಿಟ್ಟ ಮೇಲೆ ಅಪ್ಪ ಬರುವ ತನಕ ನಾನು ಪಕ್ಕದ ಮನೆಯ ಮೌರೀನ್ ಆಂಟಿಯ ಹತ್ತಿರ ಇರಬೇಕಿತ್ತು. ಗಂಡ ತೀರಿಕೊಂಡು ಒಬ್ಬಳೇ ಇದ್ದ ಮುದುಕಿ, ಒಳ್ಳೆಯವಳು. ಟೋಸ್ಟಿನ ಮೇಲೆ ಬೇಕ್ಡ್ ಬೀನ್ಸ್ ಸುರಿದು ಕೊಡುತ್ತಿದ್ದಳು. ಅವಳ ಮನೆಯಲ್ಲಿ ಲ್ಯಾವೆಂಡರ್ ಪಾಲಿಶ್ ವಾಸನೆ, ಮಧ್ಯಾಹ್ನವೆಲ್ಲ ಹಳೆಯ ಸಿನಿಮಾ ಹಾಕುವ ಚಾನೆಲ್. ಒಂದು ದಿನ ಒಳಗೆ ಕಾಲಿಡುತ್ತೇನೆ, ಟೀವಿಯಲ್ಲಿ ಸುಶೀಲಕ್ಕ ಮಂಚದಲ್ಲಿ ಮಲಗಿದ್ದಾಳೆ. ಮಾತಾಡುತ್ತಿದ್ದಾಳೆ. ತಗ್ಗಿದ, ಒಡಕಲು, ಯಾರದೋ ಇಂಗ್ಲಿಷ್ ದನಿ. ಗುರುತಿನವರ ಮುಖವಾಡ ತೊಟ್ಟು ಯಾರೋ ಮನೆಗೆ ನುಗ್ಗಿದಂತಿತ್ತು.

ಆದರೂ ತಿಳಿದವಳಂತೆ, "ನಾಳೆ ಅವರಿಬ್ಬರೂ ಬಳೆ ತರಲು ಹೋಗುತ್ತಾರೆ" ಎಂದೆ.

ಮೌರೀನ್ ಆಂಟಿ ನನ್ನ ಕಡೆ ತಿರುಗಿದಳು. "ಇಲ್ಲ, ಮಗು. ಅವಳು ಹೋದಳು."

"ಎಲ್ಲಿಗೆ?"

ಆಕೆ ಉತ್ತರ ಕೊಡುವಷ್ಟರಲ್ಲಿ ರೈಲು ಬಂತು. ರೈಲಿನ ನಂತರ, ನಮ್ಮ ಮನೆಯಲ್ಲಿ ಎಂದೂ ಬಾರದ ದೃಶ್ಯ ಬಂತು. ಸ್ಮಶಾನ, ಮಳೆ, ಶಿಲುಬೆಯ ಕೆಳಗೆ ಆ ಹುಡುಗಿ. ಮೌರೀನ್ ಆಂಟಿ ಕೈಚೌಕದಿಂದ ಮೂಗು ಒರೆಸಿಕೊಂಡು, "ನಿಜದಲ್ಲೂ ಪಾಪ, ಅವಳು ಹೋಗಿ ಎಷ್ಟೋ ಕಾಲವಾಯಿತು. ನೀನಿನ್ನೂ ಹುಟ್ಟಿರಲಿಲ್ಲ. ನಮ್ಮಮ್ಮ ಅವತ್ತು ರೇಡಿಯೋ ಪಕ್ಕ ಕೂತು ಅತ್ತಿದ್ದಳು" ಎಂದಳು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ ಚಾನೆಲ್ ಬದಲಾಯಿಸಿದಳು.

ನನಗೆ ಒಂದರ ಹಿಂದೆ ಒಂದು ಹೊಳೆಯುತ್ತ ಹೋಯಿತು. ಗುಂಡೇಟು ತಿಂದವರು, ನದಿಗೆ ಹಾರಿದವರು. ಸಮುದ್ರದ ದಂಡೆಯ ಮನೆ, ಬೆಕ್ಕುಗಳು. ಎಲ್ಲಿ ಎಲ್ಲಿ ಸಾವಿತ್ತೋ ಅಲ್ಲೆಲ್ಲ ಅಮ್ಮ ಕನ್ನಡ ತುಂಬಿದ್ದಳು. ಹಾಗಿದ್ದರೆ ಜೋರು ಔಷಧಿ, ಮತ್ತೆ ಬರುವ ಕೂದಲು?

ಅಪ್ಪ ಬಂದು ಕರೆದುಕೊಂಡು ಹೋದ. ಅಡುಗೆಮನೆಯಲ್ಲಿ ಅವನು ಸಾರಿಗೆ ಬೇಳೆ ಕಡೆಯುತ್ತಿದ್ದಾಗ ನಾನು ಹಿಂದೆ ನಿಂತು ಕೇಳಿದೆ. "ಈಸ್ ಮಮ್ ಗೋಯಿಂಗ್ ಟು ಡೈ?"

ಕಡಗೋಲು ನಿಂತಿತು. ಮತ್ತೆ ಶುರುವಾಯಿತು. "ಯಾರು ಹೇಳಿದ್ರು ನಿಂಗೆ?"

"ನೋಬಡಿ."

"ಅಮ್ಮ ಬರ್ಲಿ ಪುಟ್ಟಿ. ಅವಳನ್ನೇ ಕೇಳು." ಬೇಳೆ ನುಣ್ಣಗಾಗಿ ಎಷ್ಟೋ ಹೊತ್ತಾಗಿತ್ತು, ಅಪ್ಪ ಕಡೆಯುತ್ತಲೇ ಇದ್ದ. ಅಂದಿನ ಸಾರಿಗೆ ಉಪ್ಪೇ ಇರಲಿಲ್ಲ, ನಾವಿಬ್ಬರೂ ಅದನ್ನು ಹಾಗೇ ಉಂಡೆವು.

ಅಮ್ಮ ಮನೆಗೆ ಬಂದದ್ದು ಫೆಬ್ರವರಿಯಲ್ಲಿ. ಅಪ್ಪ ತೋಳು ಹಿಡಿದು ಒಳಗೆ ತಂದು ಸೋಫಾದಲ್ಲಿ ಕೂರಿಸಿದ. ಅವಳಿಗೆ ಶಾಲು ಹೊದಿಸುವ ತನಕ ನಾನು ತಡೆದುಕೊಂಡೆ. ಆಮೇಲೆ ಆ ಬಿಲ್ಲೆಯನ್ನು ಅವಳ ಮುಂದೆ ಹಿಡಿದೆ. ನಡುವೆ ಬೆರಳಿಟ್ಟೇ ಹಿಡಿದಿದ್ದೆ, ಅವಳು ಬೈಯಲಿಲ್ಲ.

"ದಿಸ್ ಒನ್," ಎಂದೆ. "ಪ್ರಾಪರ್ಲಿ."

ಅಮ್ಮ ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅಪ್ಪ ಕೋಣೆಯಿಂದ ಜಾರಿಕೊಳ್ಳುವವನಿದ್ದ. "ರೀ, ನೀವೂ ಕೂತ್ಕೊಳ್ಳಿ" ಎಂದಳು. ಅಪ್ಪ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ, ಕೋಟು ಕೂಡ ಬಿಚ್ಚದೆ ಕೂತ.

ಸಿನಿಮಾವನ್ನು ಓಡಿಸಿ ಆ ದೃಶ್ಯಕ್ಕೆ ತಂದೆವು. ಕಿಟಕಿ, ಮಂಚ, ನೈಟಿ ತೊಟ್ಟ ಹುಡುಗಿ. ಟೀವಿಗೆ ಸದ್ದಿಲ್ಲ. ಗ್ಯಾಸ್ ಫೈರಿನ ಸುಯ್ಯೆನ್ನುವ ಸದ್ದಷ್ಟೇ. ಸುಶೀಲಕ್ಕನ ತುಟಿ ಅಲುಗಿತು. ಅಮ್ಮ ಮಾತಾಡಿದಳು.

"ಕೂಸ, ಇಲ್ಲೆ ನೋಡು. ನಾ ಇನ್ನ ಭಾಳ ದಿವಸ ಇರೂದಿಲ್ಲ. ಡಾಕ್ಟರ್ ಹೇಳ್ಯಾರ. ಅವರು ಹೇಳೂದೇನು, ನಾನೂ ಡಾಕ್ಟರ್ ಇದ್ದೀನಲ್ಲ, ನನಗ ಮೊದಲ ಗೊತ್ತಿತ್ತು."

ಬಟ್ಟೆ ಒಗೆಯುವ ಹೆಂಗಸು ಡಾಕ್ಟರ್ ಆಗಿಬಿಟ್ಟಿದ್ದು ಮೂವರಿಗೂ ತಿಳಿಯಿತು. ಯಾರೂ ನಗಲಿಲ್ಲ. ಪರದೆಯ ಮೇಲೆ ತುಟಿಗಳು ಅಲುಗುತ್ತಲೇ ಇದ್ದವು, ಅಮ್ಮ ಅವುಗಳ ಹಿಂದೆ ಹಿಂದೆ ಅವಸರವಾಗಿ ಹೋದಳು.

"ಹೇಳಲಿಕ್ಕ ನನಗ ಬಾಯಿ ಬರಲಿಲ್ಲ. ಹೆದರಿಕಿ ಆತು. ನಿನಗೂ ಹೆದರಿಕಿ ಆಗ್ತದ, ಆಗ್ಲಿ. ಅಳು ಬಂದ್ರ ಅಳು, ಸಿಟ್ಟು ಬಂದ್ರ ಸಿಟ್ಟಾಗು, ಯಾರ ಮುಂದೂ ಶಾಣೇತನ ತೋರಸಬ್ಯಾಡ. ನಿಮ್ಮಪ್ಪಗ ಮಾತು ಬರೂದಿಲ್ಲ, ಪ್ರೀತಿ ಬರ್ತದ. ಅಂವನ ಸಂಗಾಟ ಇರು."

ಬಾಗಿಲ ಪಕ್ಕ ಕುರ್ಚಿ ಕಿರುಗುಟ್ಟಿತು.

ಈಗ ಮಗಳ ಸರದಿ. ಹುಡುಗಿ ಬಾಯಿ ತೆರೆದಳು. ಅಮ್ಮ ಸುಮ್ಮನಾದಳು. ಸಣ್ಣ ದನಿ ತೆಗೆಯಲಿಲ್ಲ. ನನ್ನ ಕಡೆ ನೋಡಿದಳು. ಹುಡುಗಿಯ ತುಟಿ ಅಲುಗಿತು, ಅಲುಗಿತು, ಮುಚ್ಚಿತು. ಹೇಳಬೇಕಾದದ್ದು ನನಗೆ ಗೊತ್ತಿತ್ತು, ಇಂಗ್ಲಿಷಿನಲ್ಲಿ ಅದನ್ನು ಹೇಳಲು ಮನಸ್ಸು ಒಪ್ಪಲಿಲ್ಲ, ಕನ್ನಡದಲ್ಲಿ ಹೇಳಲು ಬಾಯಿಗೆ ಬರಲಿಲ್ಲ. ಅಮ್ಮ ರಿಮೋಟ್ ಒತ್ತಿ ಹಿಂದಕ್ಕೆ ತಂದಳು. ಹುಡುಗಿ ಮತ್ತೆ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಸುಶೀಲಕ್ಕ ಗೋಡೆಯ ಕಡೆ ಹೊರಳಿದಳು.

ಅಮ್ಮ ಟೀವಿ ಆರಿಸಿ ನನ್ನನ್ನು ಶಾಲಿನೊಳಗೆ ಎಳೆದುಕೊಂಡಳು. "ಇರ್ಲಿ ಬಿಡು. ನನಗ ಕೇಳಿಸ್ತು" ಎಂದಳು. ಸುಶೀಲಕ್ಕನ ಹಂಗಿಲ್ಲದೆ ಅಮ್ಮ ಧಾರವಾಡದ ಮಾತು ಆಡಿದ್ದು ನಾನು ಕೇಳಿದ ಮಟ್ಟಿಗೆ ಅದೊಂದೇ ಸಲ.

ರಸ್ತೆಯಂಚಿನ ಡ್ಯಾಫೊಡಿಲ್ ಹೂವುಗಳು ಬಾಡುವ ಹೊತ್ತಿಗೆ ಅಮ್ಮ ಹೋದಳು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು ಆಮೇಲಿನದು.

ಆಮೇಲೆ ಸುಶೀಲಕ್ಕ ನನ್ನನ್ನು ಹಿಡಿದುಕೊಂಡಳು. ಹಾಗಲ್ಲದೆ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಶಾಲೆಯಿಂದ ಬಂದು ಪರದೆ ಎಳೆದು ಬಿಲ್ಲೆ ಹಾಕಿ ಸದ್ದು ತೆಗೆದರೆ ಸಾಕು, ಅವಳ ತುಟಿ ಅಲುಗಿದ ಕೂಡಲೇ ಅಮ್ಮನ ದನಿ ಬರುತ್ತಿತ್ತು. ನೆನಪಿನಿಂದ ಬರುತ್ತಿತ್ತು ಎಂದು ದೊಡ್ಡವರು ಹೇಳಬಹುದು. ನನಗೆ ಅದು ಟೀವಿಯಿಂದ ಬರುತ್ತಿತ್ತು. ಅಮ್ಮ ಎಂದೂ ಆಡದ ಮಾತುಗಳನ್ನೂ ಸುಶೀಲಕ್ಕ ಅಮ್ಮನ ದನಿಯಲ್ಲಿ ಆಡತೊಡಗಿದಳು. "ಯಾಕ ಇಷ್ಟ ಸೊರಗೀ?" "ಶಾಲ್ಯಾಗ ಯಾರರ ಬೈದ್ರೇನು?" ಬಸ್ಸಿನ ಮೇಲಂತಸ್ತಿನಲ್ಲಿ, ಕತ್ತಲಾದ ಗಾಜಿನಲ್ಲಿ, ಬೋಳು ಹುಬ್ಬಿನ ಆ ಮುಖ ನನ್ನ ಭುಜದ ಹಿಂದೆ ಇರುತ್ತಿತ್ತು. ಅದು ಯಾರದೆಂದು ತಿರುಗಿ ನೋಡಲು ಧೈರ್ಯ ಬರುತ್ತಿರಲಿಲ್ಲ. ತಿರುಗದೇ ಇದ್ದರೆ ಇಬ್ಬರೂ ಇರುತ್ತಿದ್ದರು.

ಅಪ್ಪ ಒಮ್ಮೆ ಧೈರ್ಯ ಮಾಡಿ ಪಕ್ಕದಲ್ಲಿ ಕೂತ. ಸುಶೀಲಕ್ಕ ರಾಣಿಯ ವೇಷದಲ್ಲಿ ಸಿಂಹಾಸನದಿಂದ ಇಳಿದು ಬರುತ್ತಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡು, "ಪುಟ್ಟಿ, ಹಾಲು ಕುಡಿದ್ಯಾ?" ಎಂದ, ರಾಣಿಯ ಪರವಾಗಿ. ಮೈಸೂರು ಕನ್ನಡದ ರಾಣಿ. ನನಗೆ ನಗು ಬಂತು, ನಗುತ್ತ ನಗುತ್ತಲೇ ಅಳು ಬಂತು, ಅಪ್ಪ ನನಗಿಂತ ಮೊದಲು ಎದ್ದು ಅಡುಗೆಮನೆಗೆ ಹೋದ. ಅಂದಿನಿಂದ ಅವನು ಬಾಗಿಲಲ್ಲೇ ನಿಲ್ಲುತ್ತಿದ್ದ. ಸದ್ದಿಲ್ಲದ ಟೀವಿಯನ್ನು ನೋಡುತ್ತ ಮೆಲ್ಲಗೆ ಕೇಳುತ್ತಿದ್ದ.

"ಏನಂತಿದಾಳೆ?"

ನಾನು ಕೇಳಿಸಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮಳೆ ಬರುತ್ತದಂತೆ, ಕೊಡೆ ಮರೆಯಬಾರದಂತೆ. ಅಪ್ಪ ತಲೆಯಾಡಿಸಿ ಹೋಗುತ್ತಿದ್ದ, ಮರುದಿನ ಕೊಡೆಯನ್ನು ನೆನಪಿಟ್ಟು ಬ್ಯಾಗಿಗೆ ಹಾಕುತ್ತಿದ್ದ.

ಹೀಗೇ ವರ್ಷಗಳು ಹೋದವು. ನಾನು ದೊಡ್ಡ ಶಾಲೆಗೆ ಹೋಗತೊಡಗಿದ ಮೇಲೆ ಒಂದು ಸಂಜೆ ಅಪ್ಪ ಬಾಗಿಲಲ್ಲಿ ನಿಂತು ಎಂದಿನಂತೆ "ಏನಂತಿದಾಳೆ?" ಎಂದ. ಸುಶೀಲಕ್ಕನ ತುಟಿ ಅಲುಗುತ್ತಿತ್ತು. ನಾನು ಕಿವಿಗೊಟ್ಟೆ. ಏನೂ ಬರಲಿಲ್ಲ. ಒಬ್ಬಳು ಸತ್ತ ಅಮೆರಿಕದ ಹೆಂಗಸು ಸುಮ್ಮನೆ ಬಾಯಿ ಆಡಿಸುತ್ತಿದ್ದಳು, ಅಷ್ಟೇ. ಅಪ್ಪ ಕಾಯುತ್ತ ನಿಂತಿದ್ದ. ನಿನ್ನ ಬಗ್ಗೆ ಕೇಳುತ್ತಿದ್ದಾಳೆ ಎಂದು ಅಪ್ಪನಿಗೆ ಹೇಳಿದೆ. ಎಲ್ಲಿ ಸಾವಿದೆಯೋ ಅಲ್ಲಿ ಮಾತು ತುಂಬುವುದು ಅಂದು ನನಗೂ ಬಂತು.

ಈಗ ನಾನು ಲೀಡ್ಸ್‌ನಲ್ಲಿದ್ದೇನೆ, ಕೆಲಸ ಮಾಡುತ್ತೇನೆ. ಕನ್ನಡ ಬಾಯಿಗೆ ಇಳಿದಿದೆ, ಕೈಗೂ ಬಂದಿದೆ. ಅಪ್ಪನಿಂದ ಅರ್ಧ, ಧಾರವಾಡದಲ್ಲಿರುವ ಅಮ್ಮನ ತಂಗಿ, ಮಾವಶಿಯ ಜೊತೆ ಫೋನಿನಲ್ಲಿ ಹರಟಿ ಅರ್ಧ. ಅಮ್ಮನ ವಿಡಿಯೋಗಳು ಕೆಲವು ಹಳೆಯ ಫೋನಿನಲ್ಲಿ ಇವೆ. ಹುಟ್ಟುಹಬ್ಬದ ಕೇಕು, ಕನ್ನಡ ರಾಜ್ಯೋತ್ಸವದ ಊಟ. ಅಲ್ಲಿರುವುದು ನಾಲ್ಕು ಜನರ ನಡುವಿನ ಅಮ್ಮ, ಎಲ್ಲರಿಗೂ ಒಪ್ಪುವ ಕನ್ನಡದವಳು. ಶುಕ್ರವಾರದ ಅಮ್ಮನನ್ನು ಯಾರೂ ಚಿತ್ರೀಕರಿಸಿಕೊಳ್ಳಲಿಲ್ಲ. ನಮಗೆ ಅದು ಹೊಳೆಯಲೇ ಇಲ್ಲ, ಮನೆಯಲ್ಲೇ ಇದ್ದವಳ ದನಿಯನ್ನು ತೆಗೆದಿಟ್ಟುಕೊಳ್ಳುವುದಾದರೂ ಯಾಕೆ? ಆ ನಟಿಯ ಸುಳ್ಳು ದನಿ ಸಾವಿರಾರು ಬಿಲ್ಲೆಗಳಲ್ಲಿ ಭದ್ರವಾಗಿದೆ. ಇನ್ನೂ ನೂರು ವರ್ಷ ಕೇಳಬಹುದು.

ಕಳೆದ ಚಳಿಗಾಲ ಕೊವೆಂಟ್ರಿಗೆ ಹೋದಾಗ ಅಪ್ಪನೇ ಆ ಸಿನಿಮಾ ಹಾಕಿದ, ಸದ್ದು ತೆಗೆದು ನನ್ನ ಪಕ್ಕದಲ್ಲಿ ಕೂತ. ಮಂಚದ ದೃಶ್ಯ ಬಂತು. ಸುಶೀಲಕ್ಕ ತುಟಿ ಅಲುಗಿಸಿದಳು. ಅಮ್ಮ ಆಡಿದ ಒಂದೊಂದು ಮಾತೂ ನನಗೆ ಬಾಯಿಪಾಠ. ಮನಸ್ಸಿನಲ್ಲಿ ಹೇಳಿಕೊಂಡೆ, ದನಿ ನನ್ನದೇ ಇತ್ತು. ಅಮ್ಮನ ದನಿ ದಪ್ಪವಿತ್ತೋ ತೆಳುವಿತ್ತೋ ಅದೂ ಈಗ ಖಚಿತವಿಲ್ಲ. ಆಮೇಲೆ ಹುಡುಗಿ ಬಾಯಿ ತೆರೆದಳು.

"ಹೋಗಬ್ಯಾಡ, ಅಮ್ಮ" ಎಂದೆ, ಗಟ್ಟಿಯಾಗಿ.

ಅಪ್ಪ ನನ್ನ ಕಡೆ ನೋಡಲಿಲ್ಲ. "ಆ ಹುಡುಗಿ ಹೇಳಿದ್ದಾ?" ಎಂದ.

"ಹೂಂ ಅಪ್ಪ."

ಸುಶೀಲಕ್ಕ ಗೋಡೆಯ ಕಡೆ ಹೊರಳಿದಳು.